ಚಿಕ್ಕಪ್ಪನ ವಂಶವೃಕ್ಷಕ್ಕೆ ಮನೆಯಲ್ಲೇ ಸರ್ವರ್

ನಮ್ಮ ಚಿಕ್ಕಪ್ಪ ಮನೆತನದ ವಂಶವೃಕ್ಷವನ್ನು ವೆಬ್ ಪುಟಗಳಾಗಿ ಮಾಡಿಟ್ಟಿದ್ದರು. ಒಬ್ಬೊಬ್ಬರಿಗೂ ಒಂದು ಪುಟ, ಪಕ್ಕದಲ್ಲಿ ಫೋಟೊ, ಹೆಸರು ಒತ್ತಿದರೆ ಮಕ್ಕಳು ಮೊಮ್ಮಕ್ಕಳು. ಎಲ್ಲವೂ ಅವರ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ. ಅಚ್ಚಿಗೆ ಕೊಡುವ ಮೊದಲು ಪುಣೆ, ಸ್ಟುಟ್‌ಗಾರ್ಟ್, ಮೆಲ್ಬರ್ನ್‌ನಲ್ಲಿರುವವರು ತಮ್ಮ ತಮ್ಮ ಕವಲು ನೋಡಿ ತಪ್ಪಿದ್ದರೆ ಹೇಳಲಿ ಎಂದು ಚಿಕ್ಕಪ್ಪನ ಆಸೆ.

‘ಗೂಗಲ್ ಡ್ರೈವ್‌ಗೆ ಹಾಕಿದ್ರೆ ಆಯ್ತಲ್ಲೋ’ ಅಂದರು. ಡ್ರೈವ್‌ನಲ್ಲಿಟ್ಟ ಪುಟಗಳನ್ನು ವೆಬ್‌ಸೈಟಿನಂತೆ ತೆರೆಯುವ ಸೌಲಭ್ಯವನ್ನು ಗೂಗಲ್ 2016ರಲ್ಲೇ ನಿಲ್ಲಿಸಿದೆ. ಬೇರೆ ಕಡೆ ಜಾಗ ಪಡೆದು ಶಾಶ್ವತವಾಗಿ ಇಡಲು ನನಗೇ ಮನಸ್ಸಿರಲಿಲ್ಲ. ಹುಟ್ಟಿದ ತಾರೀಕು, ತಾಯಿಯ ತವರಿನ ಹೆಸರು ಎಲ್ಲ ಅದರಲ್ಲಿದೆ. ಗುರುತು ಖಾತ್ರಿಗೆ ಬ್ಯಾಂಕಿನವರು ಕೇಳುವುದೂ ಇವನ್ನೇ. ಒಂದು ಮಧ್ಯಾಹ್ನ ತೋರಿಸಿ ಮುಚ್ಚಿಬಿಡುವ ಕೆಲಸಕ್ಕೆ ಮನೆಯ ಕಂಪ್ಯೂಟರನ್ನೇ ಸರ್ವರ್, ಅಂದರೆ ಕೇಳಿದವರಿಗೆ ಪುಟ ಕಳಿಸುವ ಯಂತ್ರ, ಮಾಡುವುದೇ ಸರಿ ಅನ್ನಿಸಿತು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಂಪ್ಯೂಟರಿನಲ್ಲಿ ಇದ್ದರೆ ಒಂದು ಸಾಲಿನ ಆಜ್ಞೆ ಸಾಕು, ಯಾವ ಫೋಲ್ಡರ್ ಆದರೂ 8000ನೇ ಪೋರ್ಟಿನಲ್ಲಿ (ಕಂಪ್ಯೂಟರಿನ ಸಂಖ್ಯೆಯಿಟ್ಟ ಬಾಗಿಲಿನಲ್ಲಿ) ವೆಬ್‌ಸೈಟ್ ಆಗಿ ನಿಲ್ಲುತ್ತದೆ. ಆದರೆ ‘ಇಂಡೆಕ್ಸ್’ ಎಂಬ ಪುಟ ಇಲ್ಲದ ಕಡೆ ಅದು ಒಳಗಿರುವ ಕಡತಗಳ ಪಟ್ಟಿಯನ್ನೇ ಹರಡಿಬಿಡುತ್ತದೆ. ಚಿಕ್ಕಪ್ಪನ ಫೋಲ್ಡರಿನಲ್ಲಿ ಮುತ್ತಜ್ಜನ ಫೋಟೊ ಪಕ್ಕದಲ್ಲೇ ಮನೆಯ ಕ್ರಯಪತ್ರದ ಸ್ಕ್ಯಾನ್ ಇತ್ತು. ಬೇಕಾದ್ದನ್ನಷ್ಟೇ ಬೇರೆ ಫೋಲ್ಡರಿಗೆ ನಕಲು ಮಾಡಿಕೊಂಡೆ.

ಸರ್ವರ್ ಮೂಲಕ ತೆರೆದರೆ ಒಂದು ಫೋಟೊನೂ ಇಲ್ಲ! ‘ನಂಗೆ ಕಾಣ್ತಿತ್ತಲ್ಲೋ’ ಎಂದು ಚಿಕ್ಕಪ್ಪನಿಗೆ ಗಾಬರಿ. ಚಿತ್ರಗಳ ವಿಳಾಸವೆಲ್ಲ ಅವರ ಡಿ ಡ್ರೈವ್‌ನಿಂದಲೇ ಶುರುವಾಗುತ್ತಿತ್ತು. ಸರ್ವರಿನಿಂದ ಬಂದ ಪುಟ ಹಾಗೆ ನೇರವಾಗಿ ಡಿಸ್ಕಿಗೆ ಕೈಹಾಕಲು ಬ್ರೌಸರ್ ಬಿಡುವುದಿಲ್ಲ, ಬಿಡಬಾರದು ಕೂಡ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಎಲ್ಲ ಪುಟಗಳಿಂದಲೂ ಆ ಭಾಗವನ್ನು ಒಟ್ಟಿಗೆ ತೆಗೆದದ್ದಾಯಿತು. ಅಕ್ಷರದ ತಕರಾರು ಇನ್ನೂ ದೊಡ್ಡದು. ಅರ್ಧಕ್ಕರ್ಧ ಪುಟಗಳು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿದ್ದವು, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದ್ದು. ಆ ಫಾಂಟ್ ಇಲ್ಲದ ಫೋನಿನಲ್ಲಿ ಅಜ್ಜಿಯ ಹೆಸರು ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಪರಿವರ್ತಕಕ್ಕೆ ಹಾಕಿ ಎಲ್ಲ ಸಾಧನಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಮಾಡಿ, ಅರ್ಕಾವತ್ತುಗಳನ್ನು ಕಣ್ಣಿನಿಂದಲೇ ಪರೀಕ್ಷಿಸಿದೆವು. ಅದಕ್ಕೆ ಹಿಡಿದಷ್ಟು ಹೊತ್ತು ಸರ್ವರಿಗೆ ಹಿಡಿಯಲಿಲ್ಲ.

ಅದೇ ವೈಫೈ ಹಿಡಿದ ಚಿಕ್ಕಮ್ಮನ ಫೋನಿನಲ್ಲಿ 192.168ರಿಂದ ಶುರುವಾಗುವ ವಿಳಾಸ ಹಾಕಿದರೆ ಪುಟ ಬಂತು. ಹೊರಗಿನವರಿಗೆ ಬರಬೇಕಲ್ಲ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಬಂದವರನ್ನು ನಮ್ಮ ಕಂಪ್ಯೂಟರಿಗೆ ದಾಟಿಸುವ ವ್ಯವಸ್ಥೆ, ಮಾಡೋಣವೆಂದು ನೋಡಿದರೆ, ಅದಕ್ಕೆ ಸಿಕ್ಕಿದ ವಿಳಾಸವೇ 100.72ರಿಂದ ಶುರು. 100.64ರಿಂದ 100.127ರವರೆಗಿನ ವಿಳಾಸಗಳನ್ನು ಇಂಟರ್‌ನೆಟ್ ಕಂಪನಿಗಳ ಒಳಬಳಕೆಗೆಂದೇ 2012ರಲ್ಲಿ ಮೀಸಲಿಟ್ಟಿದ್ದಾರೆ. ಐಪಿವಿ4 ಎಂಬ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಸಾಲದೆ ಬಂದು, ಒಂದೊಂದು ಸಾರ್ವಜನಿಕ ವಿಳಾಸದ ಹಿಂದೆ ಹಲವು ಮನೆಗಳನ್ನು ಕೂರಿಸಿದ್ದಾರೆ. ಒಳಗಿನಿಂದ ಹೊರಗೆ ಎಲ್ಲಿಗಾದರೂ ಹೋಗಬಹುದು. ಹೊರಗಿನವರು ನಮ್ಮ ಬಾಗಿಲು ತಟ್ಟಲು ದಾರಿಯಿಲ್ಲ. ನೋಡುವವರಾಗಿಯೇ ಇರಿ ಅಂದಂತಿದೆ ಈ ಏರ್ಪಾಡು. ನನಗಂತೂ ಇದು ಹಿಡಿಸುವುದಿಲ್ಲ.

ಕೊನೆಗೆ ಹಿಡಿದದ್ದು ಇಂಟರ್‌ನೆಟ್ ಸೇವೆಯ ಕಂಪನಿ ಕ್ಲೌಡ್‌ಫ್ಲೇರ್‌ನ ಟನಲ್. ನಮ್ಮ ಕಂಪ್ಯೂಟರೇ ಹೊರಗೆ ಅವರ ಸರ್ವರಿಗೆ ಸಂಪರ್ಕ ಮಾಡಿ ಹಿಡಿದುಕೊಳ್ಳುತ್ತದೆ, ನೋಡುವವರು ಅದರ ಮೂಲಕ ಒಳಗೆ ಬರುತ್ತಾರೆ. ಖಾತೆ ಬೇಡ, ರೂಟರ್ ಮುಟ್ಟಬೇಕಾಗಿಯೂ ಇಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ಇಂಗ್ಲಿಷ್ ಪದ ಪೋಣಿಸಿದ ವಿಳಾಸ ತಾನಾಗಿ ಬರುತ್ತದೆ. ಪುಟಗಳೆಲ್ಲ ನಡುವೆ ಅವರ ಕೈದಾಟಿ ಹೋಗುತ್ತವೆ ಅನ್ನುವುದನ್ನು ಚಿಕ್ಕಪ್ಪನಿಗೆ ಮೊದಲೇ ಹೇಳಿದೆ. ‘ಒಂದು ಮಧ್ಯಾಹ್ನ ತಾನೆ’ ಅಂದರು.

ಭಾನುವಾರ ಊಟದ ಹೊತ್ತಿಗೆ ಲಿಂಕ್ ಕಳಿಸಿದೆವು. ಸ್ಟುಟ್‌ಗಾರ್ಟ್‌ನಲ್ಲಿ ಬೆಳಗಿನ ಕಾಫಿ, ಮೆಲ್ಬರ್ನ್‌ನಲ್ಲಿ ಸಂಜೆ. ಪರದೆಯ ಕಪ್ಪು ಕಿಟಕಿಯಲ್ಲಿ ಯಾವ ಪುಟ ತೆರೆದರು ಎಂಬುದು ಸಾಲುಸಾಲಾಗಿ ಬೀಳುತ್ತದೆ. ಯಾರು ತೆರೆದರು ಎಂದು ತಿಳಿಯದು. ಟನಲ್‌ನಿಂದಾಗಿ ಎಲ್ಲರೂ 127.0.0.1, ಅಂದರೆ ಇದೇ ಕಂಪ್ಯೂಟರ್, ಆಗಿಯೇ ಬರುತ್ತಾರೆ. ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಶೇಕಡಾ ಚಿಹ್ನೆಗಳ ಉದ್ದನೆಯ ಸರಮಾಲೆ. ಚಿಕ್ಕಪ್ಪ ಕುರ್ಚಿ ಎಳೆದುಕೊಂಡು ಕೂತು, ‘ಇದು ಯಾರ ಪುಟನೋ? ಇದು?’ ಎಂದು ಕೇಳುತ್ತಲೇ ಇದ್ದರು. ಹೆಚ್ಚು ಸಲ ತೆರೆದದ್ದು ಅಜ್ಜಿಯ ತವರಿನ ಪುಟ. ಕಾರಣ ಸ್ವಲ್ಪ ಹೊತ್ತಿಗೇ ಗೊತ್ತಾಯಿತು: ಪುಣೆಯ ಅತ್ತೆ ಫೋನ್ ಮಾಡಿ, ‘ಅಮ್ಮನ ತಮ್ಮಂದಿರು ಇಬ್ಬರಲ್ಲ ಕಣೋ, ಮೂವರು. ಒಬ್ಬ ಸಣ್ಣವನಿದ್ದಾಗಲೇ ಹೋದ’ ಅಂದರು. ಚಿಕ್ಕಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಅಲ್ಲೇ ಕಡತ ತಿದ್ದಿ ಉಳಿಸಿದೆ. ‘ಈಗ ರೀಫ್ರೆಶ್ ಮಾಡಿ ಅತ್ತೆ’ ಅಂದೆ. ಹೆಸರು ಕಂಡಿತು.

ಸಂಜೆ ಕಂಟ್ರೋಲ್ ಸಿ ಒತ್ತಿ ಮುಚ್ಚಿದೆ. ಮರುದಿನ ದೊಡ್ಡಪ್ಪನ ಫೋನು: ‘ಏನೋ, ಲಿಂಕ್ ತೆಗೆಯಲ್ಲ ಅಂತಿದೆ?’

‘ಕಂಪ್ಯೂಟರ್ ಆಫ್ ಆಗಿದೆ ದೊಡ್ಡಪ್ಪ. ಬರೋ ಭಾನುವಾರ ಮತ್ತೆ ಹಾಕ್ತೀವಿ, ಆಗ ಬೇರೆ ಲಿಂಕ್ ಬರುತ್ತೆ.’

‘ವಾರಕ್ಕೊಂದು ದಿನ ಸಂತೆ ಥರನಾ? ಸರಿ, ಅಷ್ಟರಲ್ಲಿ ನನ್ನ ಫೋಟೊ ಬದಲಾಯಿಸು. ಅದರಲ್ಲಿರೋನು ನಾನಲ್ಲ, ನಿಮ್ಮಪ್ಪ.’