ನೂರು ಮೈಲಿ ವೇಗ ಇದ್ದ ಮೇಲೆ ಇನ್ನೇನು ನೋಡುತ್ತೀರಿ?

"ಹುಡುಗ ಬೇಸ್‌ಬಾಲ್ ಎಷ್ಟು ವೇಗವಾಗಿ ಎಸೆಯುತ್ತಾನೆ ಎಂದು ರಾಡಾರ್ ಗನ್ನೇ ಹೇಳುತ್ತದೆ. ಮತ್ತೆ ನೀವು ಅಲ್ಲಿ ಕುಳಿತು ಮಾಡುವುದಾದರೂ ಏನು?"

ಈ ಪ್ರಶ್ನೆಯನ್ನು ಮದುವೆ ಮನೆಗಳಲ್ಲಿ ಕೇಳಿದ್ದಾರೆ, ವಿಮಾನದಲ್ಲಿ ಪಕ್ಕದ ಸೀಟಿನವರು ಕೇಳಿದ್ದಾರೆ, ಬಾಯಿ ತೆರೆದುಕೊಂಡು ಮಲಗಿದ್ದಾಗ ಹಲ್ಲಿನ ಡಾಕ್ಟರೂ ಕೇಳಿದ್ದಾರೆ. ಇನ್ನು ಮುಂದೆ ಬಾಯಲ್ಲಿ ಹೇಳುವುದಿಲ್ಲ. ಇದನ್ನು ಓದಿಕೊಳ್ಳಿ.

ಗೊತ್ತಿಲ್ಲದವರಿಗೆ ಎರಡು ಮಾತು. ನಾನು ಅಮೆರಿಕದ ನ್ಯಾಶ್‌ವಿಲ್‌ನಲ್ಲಿದ್ದೇನೆ. ಹೊಟ್ಟೆಪಾಡಿಗೆ ಬೇರೆ ಕೆಲಸವಿದೆ. ಫೆಬ್ರವರಿಯಿಂದ ಜೂನ್‌ವರೆಗೆ ಒಂದು ವೃತ್ತಿಪರ ಬೇಸ್‌ಬಾಲ್ ತಂಡದ ಸ್ಕೌಟ್‌ಗೆ, ಅಂದರೆ ಹೊಸ ಆಟಗಾರರನ್ನು ಹುಡುಕುವವರಿಗೆ, ಸಹಾಯಕನಾಗಿ ಈ ಸುತ್ತಿನ ಕಾಲೇಜು ಪಂದ್ಯಗಳನ್ನು ನೋಡಿ ವರದಿ ಬರೆಯುತ್ತೇನೆ. ಸಂಬಳವೆನ್ನುವಂಥದ್ದು ಇಲ್ಲ. ಆದ್ದರಿಂದ "ಆಟ ನೋಡುವುದಕ್ಕೆ ದುಡ್ಡು ಕೊಡುತ್ತಾರಾ?" ಎಂಬ ಉಪಪ್ರಶ್ನೆಯನ್ನು ದಯವಿಟ್ಟು ನುಂಗಿಕೊಳ್ಳಿ. ಪ್ರತಿ ಜುಲೈನಲ್ಲಿ ನಡೆಯುವ ಡ್ರಾಫ್ಟ್‌ನಲ್ಲಿ 30 ತಂಡಗಳು ಸರದಿಯ ಪ್ರಕಾರ 20 ಸುತ್ತು ಹುಡುಗರನ್ನು ಆರಿಸಿಕೊಳ್ಳುತ್ತವೆ. ನಾಲ್ಕು ವರ್ಷದ ಕಾಲೇಜಿಗೆ ಸೇರಿದವನು ಮೂರನೇ ವರ್ಷ ಮುಗಿಸಿದ ಮೇಲೆ, ಇಲ್ಲವೇ 21 ತುಂಬಿದ ಮೇಲೆ ಆಯ್ಕೆಗೆ ಅರ್ಹನಾಗುತ್ತಾನೆ. ಮೊದಲ ಸುತ್ತಿನ ಹುಡುಗನ ಕೈಗೆ ಕೋಟಿಗಟ್ಟಲೆ ರೂಪಾಯಿ ಬೆಲೆಯ ಬೋನಸ್ ಬೀಳುತ್ತದೆ. ಆ ಹಣ ಹಾಕುವ ಮುಂಚೆ ಯಾರಾದರೂ ಮರದ ಬೆಂಚಿನ ಮೇಲೆ ಕುಳಿತು ಬಿಸಿಲು ತಿನ್ನಬೇಕಲ್ಲ, ಅದು ನಾನು.

ಕ್ರಿಕೆಟ್ ನೋಡಿ ಬೆಳೆದವರಿಗೆ ವೇಗದ ಅಂದಾಜು ಬೇಕಾದರೆ, ಗಂಟೆಗೆ ನೂರು ಮೈಲಿ ಎಂದರೆ 161 ಕಿಲೋಮೀಟರ್. ಶೋಯೆಬ್ ಅಖ್ತರ್ 2003ರ ವಿಶ್ವಕಪ್‌ನಲ್ಲಿ ದಾಖಲಿಸಿದ 161.3 ಇನ್ನೂ ಎಲ್ಲರ ಬಾಯಲ್ಲಿದೆ. ಅವರು ಗಡಿರೇಖೆಯ ಹತ್ತಿರದಿಂದ ಓಡಿಬಂದು ಆ ವೇಗ ಪಡೆದರು. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಪಿಚರ್ ಹತ್ತು ಇಂಚು ಎತ್ತರದ ದಿಬ್ಬದ ಮೇಲೆ ನಿಂತು, ಒಂದೇ ಹೆಜ್ಜೆ ಮುಂದಿಟ್ಟು ಎಸೆಯುತ್ತಾನೆ. ಅರವತ್ತೂವರೆ ಅಡಿ ದಾಟಲು ಚೆಂಡಿಗೆ ಸುಮಾರು 0.4 ಸೆಕೆಂಡು ಸಾಕು. ಓಟದ ನೆರವಿಲ್ಲದ ಆ ವೇಗದ ಭಾರವನ್ನು ಬಹುಪಾಲು ಮೊಣಕೈ ಮತ್ತು ಭುಜ ಹೊರುತ್ತವೆ. ಮುಂದೆ ಬರುವುದೆಲ್ಲ ಈ ಮೊಣಕೈಯ ಕಥೆಯೇ.

ಈಗ ಉತ್ತರ. ಶುಕ್ರವಾರ ರಾತ್ರಿ, ಕಾಲೇಜು ತಂಡ ತನ್ನ ಅತ್ಯುತ್ತಮ ಪಿಚರ್‌ನನ್ನು ಇಳಿಸುವ ದಿನ, ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್‌ನ ಹಿಂದಿನ ಬಲೆಯ ಆಚೆ ನಾವೆಲ್ಲ ಸಾಲಾಗಿ ಕುಳಿತಿರುತ್ತೇವೆ. ಹುಡುಗ ಕಾಲೆತ್ತಿದ ಕೂಡಲೇ ಇಡೀ ಸಾಲಿನ ಗನ್‌ಗಳು ಒಟ್ಟಿಗೆ ಮೇಲೇಳುತ್ತವೆ. 97, 97, 98. ಈ ಅಂಕಿ ಎಲ್ಲರ ಗನ್‌ನಲ್ಲೂ ಒಂದೇ, ಎಲ್ಲರ ಪುಸ್ತಕದಲ್ಲೂ ಒಂದೇ. ಎಲ್ಲರಿಗೂ ಗೊತ್ತಿರುವುದನ್ನು ಬರೆದು ಕಳಿಸಿದರೆ ನನ್ನ ತಂಡಕ್ಕೆ ಬಂದ ಲಾಭವೇನು?

ಆದ್ದರಿಂದ ನಾನು ಕ್ಯಾಚರ್‌ನ ಗ್ಲವ್ ನೋಡುತ್ತೇನೆ. ಹೊರಮೂಲೆಯಲ್ಲಿ ಕೆಳಗೆ ಹಿಡಿದ ಗ್ಲವ್, ಚೆಂಡು ಬರುವ ಹೊತ್ತಿಗೆ ಒಳಮೂಲೆಯ ಎದೆಮಟ್ಟಕ್ಕೆ ಹಾರಿದರೆ, ಅಂಪೈರ್ ಸ್ಟ್ರೈಕ್ (ಪಿಚರ್ ಪರವಾದ ಸರಿಯಾದ ಎಸೆತ) ಎಂದು ಕೂಗಿದರೂ ನನ್ನ ಲೆಕ್ಕದಲ್ಲಿ ಅದು ಗುರಿ ತಪ್ಪಿದ ಎಸೆತ. ಬ್ಯಾಟರ್ ನೋಡುತ್ತೇನೆ. 98ರ ಎಸೆತವನ್ನು ಸಾಧಾರಣ ಕಾಲೇಜು ಬ್ಯಾಟರ್ ಸಲೀಸಾಗಿ ತಾಗಿಸಿ ಬದಿಗೆ ಫೌಲ್ ಮಾಡುತ್ತಿದ್ದರೆ ಆ ಚೆಂಡು ಎಲ್ಲೋ ಮೊದಲೇ ಕಣ್ಣಿಗೆ ಬೀಳುತ್ತಿದೆ ಎಂದರ್ಥ. 93ರ ಎಸೆತದ ಕೆಳಗೆ ಬ್ಯಾಟು ಗಾಳಿಯಲ್ಲಿ ಹಾದುಹೋದರೆ ಅದಕ್ಕೂ ಕಾರಣವಿದೆ. ಹಿಮ್ಮುಖ ಸುತ್ತು ಹೆಚ್ಚಿರುವ ಚೆಂಡು, ಬ್ಯಾಟರ್ ಎಣಿಸಿದಷ್ಟು ಕೆಳಗಿಳಿಯುವುದಿಲ್ಲ. ಒಂಬತ್ತು ಇನ್ನಿಂಗ್ಸ್‌ನ ಪಂದ್ಯದಲ್ಲಿ ಎರಡನೆಯದು ಮುಗಿದ ಮೇಲೆ ಎದ್ದು ನಮ್ಮ ಎಡಕ್ಕಿರುವ ಮೂರನೇ ಬೇಸ್ ಕಡೆ ಹೋಗುತ್ತೇನೆ, ಬಲಗೈ ಪಿಚರ್‌ನ ಎದೆ, ತೋಳು ತೆರೆದುಕೊಳ್ಳುವುದು ಕಾಣುವುದು ಅಲ್ಲಿಂದಲೇ. ಪಂದ್ಯಕ್ಕೆ ಮುಂಚೆ ಎಸೆದು ಅಭ್ಯಾಸ ಮಾಡುವ ಬುಲ್‌ಪೆನ್‌ನಲ್ಲಿ ಅವನು ಬೆಚ್ಚಗಾಗಿ ಹೋದ ಮೇಲೆ ಮಣ್ಣಿನಲ್ಲಿ ಮುಂಗಾಲು ಊರಿದ ಗುರುತು ಹುಡುಕುವ ಚಪಲವೂ ನನಗಿದೆ. ಒಂದೇ ಗುಳಿ ಆಳವಾಗಿ ಬಿದ್ದಿದ್ದರೆ ಸಂತೋಷ. ಕೋಳಿ ಕೆದರಿದಂತಿದ್ದರೆ ಅವನ ನಿಯಂತ್ರಣದ ಬಗ್ಗೆ ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ಆಮೇಲೆ ಆರನೇ ಇನ್ನಿಂಗ್ಸ್. ಮೊದಲ ಇನ್ನಿಂಗ್ಸ್‌ನ 98 ಅಲ್ಲಿ 97 ಆಗಿದೆಯೋ 93 ಆಗಿದೆಯೋ, ಕೊನೆಯಲ್ಲಿ ಪಕ್ಕಕ್ಕೆ ತಿರುಗುವ ಸ್ಲೈಡರ್ ಎಸೆತ ಇನ್ನೂ ಕತ್ತರಿಸುತ್ತಿದೆಯೋ ಬರಿದೇ ಉರುಳುತ್ತಿದೆಯೋ, ಹಿಂದೆ ನಿಂತ ಫೀಲ್ಡರ್ ಕ್ಯಾಚ್ ಬಿಟ್ಟಾಗ ಇವನ ಭುಜ ಕುಸಿಯಿತೋ ಇಲ್ಲವೋ. ಇಷ್ಟೆಲ್ಲ ನೋಡಿ 20ರಿಂದ 80ರ ಮಾಪಕದಲ್ಲಿ ಒಂದೊಂದಕ್ಕೂ ಅಂಕ ಹಾಕುತ್ತೇವೆ. 50 ಎಂದರೆ ಅತ್ಯುನ್ನತ ಮಟ್ಟದ ವೃತ್ತಿಪರ ಬೇಸ್‌ಬಾಲ್ ಆದ ಮೇಜರ್ ಲೀಗ್‌ನ ಸರಾಸರಿ. ವೇಗಕ್ಕೆ 80, ನಿಯಂತ್ರಣಕ್ಕೆ 40 ಪಡೆದ ಹುಡುಗರ ಹೆಸರುಗಳೇ ಒಂದು ದಪ್ಪ ಪುಸ್ತಕವಾಗುತ್ತವೆ. ಅವುಗಳಲ್ಲಿ ನೀವು ಕೇಳಿದ ಹೆಸರು ಒಂದೂ ಇರುವುದಿಲ್ಲ.

ಇಷ್ಟನ್ನೂ ಒಂದು ಯುಗಾದಿಯಂದು ಇಲ್ಲಿನ ಕನ್ನಡಿಗರ ಊಟದ ಪಂಕ್ತಿಯಲ್ಲಿ ಒಬ್ಬ ಹಿರಿಯರಿಗೆ ಹೋಳಿಗೆ ಆರಿಹೋಗುವಷ್ಟು ಹೊತ್ತು ವಿವರಿಸಿದೆ. ಸಾಫ್ಟ್‌ವೇರ್‌ನಲ್ಲಿದ್ದು ನಿವೃತ್ತರಾದವರು, ಒಳ್ಳೆಯವರು. ಪೂರ್ತಿ ಕೇಳಿ, ತುಪ್ಪ ಬಡಿಸಿಕೊಂಡು, "ಅದು ಸರಿ, ಆದರೆ ನಮ್ಮ ಕುಮಾರನ ವಿಷಯದಲ್ಲಿ ನೀವೆಲ್ಲ ಸರಿಯಾಗಿ ನೋಡಲಿಲ್ಲವಂತಲ್ಲ?" ಎಂದರು.

ಆ "ಸರಿಯಾಗಿ" ಇನ್ನೂ ನನ್ನ ಗಂಟಲಲ್ಲಿದೆ.

ಕುಮಾರ್ ಎಂದರೆ ಕುಮಾರ್ ರಾಕರ್. ತಂದೆ ಟ್ರೇಸಿ ರಾಕರ್ ಹೆಸರಾಂತ ಅಮೆರಿಕನ್ ಫುಟ್‌ಬಾಲ್ ಆಟಗಾರ, ತಾಯಿಯದು ಭಾರತೀಯ ಮೂಲ. ಆದ್ದರಿಂದ ಇಲ್ಲಿನ ಪ್ರತಿ ಭಾರತೀಯ ಪಂಕ್ತಿಯಲ್ಲೂ ಅವನು 'ನಮ್ಮ ಕುಮಾರ'. ಆರಡಿ ಐದಿಂಚಿನ ಬಲಗೈ ಪಿಚರ್, ಇದೇ ಊರಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಹುಡುಗ. 2019ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದಾಗಲೇ ಡ್ಯೂಕ್ ವಿರುದ್ಧ ಒಂದು ಹಿಟ್ ಕೂಡ ಕೊಡದೆ 19 ಜನರನ್ನು ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್‌ಗೆ ಔಟ್, ಮಾಡಿದವನು. 2021ರಲ್ಲಿ ಅವನೂ ಅದೇ ತಂಡದ ಜ್ಯಾಕ್ ಲೈಟರ್ ಕೂಡ ತಲಾ 179 ಸ್ಟ್ರೈಕ್‌ಔಟ್ ಗಳಿಸಿದರು. ವ್ಯಾಂಡರ್‌ಬಿಲ್ಟ್‌ನ ಮೈದಾನವಾದ ಹಾಕಿನ್ಸ್ ಫೀಲ್ಡ್‌ನ ಎಡಬದಿಯ ಎತ್ತರದ ಗೋಡೆಯೊಂದನ್ನು ಬಿಟ್ಟರೆ ಆ ವರ್ಷ ಅಲ್ಲಿ ಅವರಿಬ್ಬರನ್ನು ನೋಡದೆ ಇದ್ದವರು ಯಾರೂ ಇಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಕುಮಾರನ ವೇಗ ಕೆಲವು ಪಂದ್ಯಗಳಲ್ಲಿ 90ರ ಆಸುಪಾಸಿಗೆ ಇಳಿಯಿತು, ಮತ್ತೆ ಏರಿತು. ಇಳಿದದ್ದನ್ನೂ ನೋಡಿದೆವು, ಏರಿದ್ದನ್ನೂ ನೋಡಿದೆವು.

ಆ ವರ್ಷದ ಡ್ರಾಫ್ಟ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಅವನನ್ನು ಹತ್ತನೆಯವನಾಗಿ ಆರಿಸಿತು. 60 ಲಕ್ಷ ಡಾಲರ್‌ಗೆ ಮಾತಾಯಿತು. ಆಮೇಲೆ ವೈದ್ಯಕೀಯ ಪರೀಕ್ಷೆ, ಅದಾದ ಮೇಲೆ ಮೌನ, ಕೊನೆಗೆ ಒಪ್ಪಂದವೇ ಇಲ್ಲ. ಡ್ರಾಫ್ಟ್‌ಗೆ ಮುಂಚೆಯೇ ತೋಳಿನ ಎಂಆರ್‌ಐ ಕೊಡುವ ಒಂದು ವ್ಯವಸ್ಥೆಯಿತ್ತು. ಅದರಲ್ಲಿ ಸೇರಿದ ಹುಡುಗನನ್ನು ಆರಿಸಿದ ತಂಡ ಆಮೇಲೆ ಬರಿಗೈಯಲ್ಲಿ ಕಳಿಸುವಂತಿರಲಿಲ್ಲ. ಕುಮಾರ್ ಸೇರಿರಲಿಲ್ಲ. ಆದ್ದರಿಂದ ಮೆಟ್ಸ್‌ಗೆ ಕೈತೊಳೆದುಕೊಳ್ಳಲು ದಾರಿಯಿತ್ತು, ಮರುವರ್ಷಕ್ಕೆ ಬದಲಿ ಆಯ್ಕೆಯೂ ಸಿಕ್ಕಿತು. ಈಗ ಹೇಳಿ, ಬಲೆಯ ಹಿಂದೆ ಕುಳಿತ ನಾನು ಕಣ್ಣು ಕಿರಿದು ಮಾಡಿದ್ದರೆ ಅವನ ಮೊಣಕೈಯ ಒಳಗಿನದು ಕಾಣುತ್ತಿತ್ತೇ? ತೆಂಗಿನಕಾಯಿಯನ್ನು ತೂಗಬಹುದು, ಕಿವಿಗೆ ಹಿಡಿದು ಅಲ್ಲಾಡಿಸಬಹುದು. ಒಡೆಯುವ ತನಕ ಅಂಗಡಿಯವನಿಗೂ ಅಷ್ಟೇ ಗೊತ್ತು.

ಸ್ಟೀಫನ್ ಸ್ಟ್ರಾಸ್‌ಬರ್ಗ್‌ನನ್ನು 2009ರಲ್ಲಿ ಎಲ್ಲರೂ ಸರಿಯಾಗಿಯೇ ನೋಡಿದ್ದರು. ವೇಗ, ನಿಯಂತ್ರಣ, ಕರ್ವ್‌ಬಾಲ್, ಯಾವುದಕ್ಕೂ ಕೊರತೆಯಿರಲಿಲ್ಲ. ವಾಷಿಂಗ್ಟನ್ ತಂಡ ಮೊದಲನೆಯವನಾಗಿ ಆರಿಸಿತು. 2010ರ ಜೂನ್‌ನಲ್ಲಿ ಮೊದಲ ಪಂದ್ಯದಲ್ಲೇ 14 ಸ್ಟ್ರೈಕ್‌ಔಟ್, ಸೆಪ್ಟೆಂಬರ್ ಹೊತ್ತಿಗೆ ಮೊಣಕೈ ಶಸ್ತ್ರಚಿಕಿತ್ಸೆ. ಅದೇ ಮನುಷ್ಯ 2019ರ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯ ಶ್ರೇಷ್ಠ ಆಟಗಾರ. ಆಮೇಲಿನ ದೊಡ್ಡ ಒಪ್ಪಂದದಲ್ಲಿ ಅವನಿಂದ ಆಡಲು ಸಾಧ್ಯವಾದದ್ದು ಎಂಟೇ ಪಂದ್ಯ. ಇದನ್ನು ಗೆಲುವಿನ ಕಾಲಂನಲ್ಲಿ ಹಾಕುತ್ತೀರೋ ಸೋಲಿನದರಲ್ಲೋ?

ಅದಕ್ಕೇ ನನಗೆ ಬೇಕಾಗಿರುವ ಪ್ರಶ್ನೆ ಬೇರೆ. ಆ ವೇಗಕ್ಕೆ ಬೆಲೆ ಕಟ್ಟುತ್ತಿರುವವರು ಯಾರು ಎಂದು ಯಾರಾದರೂ ಕೇಳಬಾರದೇ? ಮೇಜರ್ ಲೀಗ್‌ನವರೇ 2024ರ ಡಿಸೆಂಬರ್‌ನಲ್ಲಿ ಪಿಚರ್‌ಗಳ ಗಾಯಗಳ ಬಗ್ಗೆ ವರದಿಯೊಂದನ್ನು ಹೊರತಂದರು. ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ 91.3 ಮೈಲಿ ಇದ್ದದ್ದು 2024ಕ್ಕೆ 94.2 ಆಗಿದೆ. ಪ್ರತಿ ಎಸೆತಕ್ಕೂ ಮೈಯಲ್ಲಿದ್ದದ್ದನ್ನೆಲ್ಲ ಹಾಕುವುದೇ ಗಾಯಗಳ ಮುಖ್ಯ ಕಾರಣಗಳಲ್ಲಿ ಒಂದು ಎಂದು ಅದರಲ್ಲೇ ಬರೆದಿದೆ. ಹೈಸ್ಕೂಲು ಹುಡುಗರು ಹಾಗೆ ಎಸೆಯುವುದೇಕೆ? ಬಲೆಯ ಹಿಂದೆ ಸಾಲು ಗನ್‌ಗಳು ಮೇಲೇಳುವುದನ್ನು ಅವರು ದಿಬ್ಬದ ಮೇಲಿಂದ ನೋಡುತ್ತಾರೆ. ನನ್ನದೂ ಅದರಲ್ಲೊಂದು. ಇದನ್ನು ಕೇಳಿ, ನಾನು ತಡವರಿಸುತ್ತೇನೆ, ನಿಮಗೂ ಖುಷಿಯಾಗುತ್ತದೆ. ಯಾರೂ ಕೇಳುವುದಿಲ್ಲ.

ಅಥವಾ ಇನ್ನೊಂದನ್ನು ಕೇಳಿ: ಬೇಡವೆನ್ನಿಸಿಕೊಂಡ ಮೇಲೆ ಆ ಹುಡುಗ ಏನು ಮಾಡಿದ? ಹೇಳಲು ನನಗಿಷ್ಟವಾದ ಭಾಗ ಅದೇ. ಭುಜಕ್ಕೆ ಸಣ್ಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. 2022ರಲ್ಲಿ, ಯಾವ ಮೇಜರ್ ಲೀಗ್ ತಂಡಕ್ಕೂ ಸೇರದ ಫ್ರಾಂಟಿಯರ್ ಲೀಗ್‌ಗೆ ಹೋಗಿ ಟ್ರೈ-ಸಿಟಿ ವ್ಯಾಲಿಕ್ಯಾಟ್ಸ್ ಎಂಬ ತಂಡದ ಪರ ಐದು ಪಂದ್ಯಗಳಲ್ಲಿ 20 ಇನ್ನಿಂಗ್ಸ್ ಎಸೆದ, 32 ಸ್ಟ್ರೈಕ್‌ಔಟ್. ಟೆಕ್ಸಸ್ ರೇಂಜರ್ಸ್ ತಂಡ ಅವನನ್ನು ಮೂರನೆಯವನಾಗಿ ಆರಿಸಿತು. ಹತ್ತರಿಂದ ಮೂರಕ್ಕೆ! 2023ರಲ್ಲಿ ಮೊಣಕೈಯ ಹಾಳಾದ ಅಸ್ಥಿರಜ್ಜು ಸರಿಪಡಿಸುವ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಗಿಯೇ ಆಯಿತು, ಹಾಗಾಗಿ ಮೆಟ್ಸ್‌ನ ವೈದ್ಯರನ್ನು ಬೈಯುವ ಸುಖವೂ ಅಭಿಮಾನಿಗಳಿಗೆ ಪೂರ್ತಿ ದಕ್ಕಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸಿಯಾಟಲ್‌ನಲ್ಲಿ ಮೇಜರ್ ಲೀಗ್‌ನ ಮೊದಲ ಪಂದ್ಯ ಆಡಿ ಏಳು ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ಅಂದು ಜನ ಮಾತಾಡಿಕೊಂಡದ್ದು ಅವನ ಸ್ಲೈಡರ್ ಬಗ್ಗೆ.

ಆ ಹಿರಿಯರಿಗೆ ಇದನ್ನೂ ಹೇಳಿದೆ. "ಹಾಗಾದರೆ 2021ರಲ್ಲಿ ನೀವು ಅವನ ಬಗ್ಗೆ ಏನೆಂದು ಬರೆದು ಕಳಿಸಿದ್ದಿರಿ?" ಎಂದರು.

ವರದಿ ತಂಡದ ಸ್ವತ್ತು. ಹೇಳುವಂತಿಲ್ಲ.