ಊರವರೇ ಕೊಂಡ ಪಬ್ಬಿನಲ್ಲಿ ಒಂದು ಸಂಜೆ

ಪುಲ್ಹೆಲಿಗೆ ಬಂದರೆ ರೈಲು ಹಳಿ ಮುಗಿಯಿತು. ಅಲ್ಲಿಂದ ಮುಂದೆ ಉತ್ತರ ವೇಲ್ಸ್‌ನ ಲೀನ್ ಪರ್ಯಾಯ ದ್ವೀಪದ ಕಿರುದಾರಿಗಳಲ್ಲಿ ಗೆಳತಿಯ ಕಾರು. ನಡುವೆ ಒಂದು ಹಳ್ಳಿಯಲ್ಲಿ ಪಬ್ಬಿನ ಹಲಗೆ ತೂಗುತ್ತಿದ್ದ ಕಬ್ಬಿಣದ ಕೊಕ್ಕೆ ಮಾತ್ರ ಗೋಡೆಯಲ್ಲಿತ್ತು. ‘ಇದೀಗ ಯಾರದೋ ಬೇಸಿಗೆ ಮನೆ. ಚಳಿಗಾಲದಲ್ಲಿ ದೀಪವೇ ಉರಿಯಲ್ಲ’ ಎಂದಳು.

2000ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 60,000 ಪಬ್‌ಗಳಿದ್ದವು. ಈಗ ಉಳಿದಿರುವುದು ಸುಮಾರು 45,000. ಬಿಯರ್ ಮೇಲಿನ ತೆರಿಗೆ, ಪಬ್ ಕಟ್ಟಡಗಳ ಒಡೆತನವಿರುವ ಕಂಪನಿಗಳಿಗೆ ಕಟ್ಟುವ ಬಾಡಿಗೆ, ಸೂಪರ್‌ಮಾರ್ಕೆಟ್ಟಿನ ಅಗ್ಗದ ಡಬ್ಬಿಗಳು, ಎಲ್ಲವೂ ಸೇರಿ ಬಾಗಿಲು ಮುಚ್ಚಿಸಿವೆ. ಪಬ್ಬೆಂದರೆ ಕುಡಿತದ ಜಾಗ ಎಂದಷ್ಟೇ ತಿಳಿದಿದ್ದ ನನಗೆ ಇದರಲ್ಲಿ ಕಳೆದುಹೋದದ್ದೇನು ಎಂಬುದು ಲಿಥ್‌ವೈನ್‌ನಲ್ಲಿ ಅರಿವಾಯಿತು.

ಐವಲ್ ಬೆಟ್ಟದ ಮಗ್ಗುಲಲ್ಲಿರುವ ಈ ಊರಿನ ಪಬ್ಬು ವಿಕ್ಟೋರಿಯಾ. ಊರವರ ಬಾಯಲ್ಲಿ ‘ಅ ವಿಕ್’. 1988ರಿಂದ ಅದು ಊರವರದೇ. ಸಹಕಾರ ಸಂಘ ಕಟ್ಟಿ ನಡೆಸುತ್ತಿದ್ದಾರೆ. ಒಳಗೆ ಮಾತೆಲ್ಲ ವೆಲ್ಷ್. ಪಕ್ಕದ ಮೇಜಿನ ಅಜ್ಜ ನನ್ನ ಬಾಯಲ್ಲಿ ಊರಿನ ಹೆಸರು ಕೇಳಿ ತಲೆಯಾಡಿಸಿದರು. ‘ಲ’ ಎನ್ನುವಂತೆ ನಾಲಿಗೆ ಇಟ್ಟು, ಅದರ ಪಕ್ಕದಿಂದ ಉಸಿರು ಊದಬೇಕಂತೆ. ಐದಾರು ಸಲ ಹೇಳಿಸಿದರು. ಅವರ ಮುಂದೆ ಅರ್ಧ ಪೈಂಟ್ ಬಿಯರ್. ಎರಡು ಗಂಟೆ ಕಳೆದರೂ ಅದು ತಳ ಕಂಡಿರಲಿಲ್ಲ. ‘ಹೆಂಡತಿ ಹೋದ ಮೇಲೆ ನನ್ನ ಭಾಷೆಯಲ್ಲಿ ನಾಲ್ಕು ಮಾತಾಡುವುದು ಇಲ್ಲೇ’ ಎಂದದ್ದನ್ನು ಗೆಳತಿ ಕನ್ನಡಕ್ಕೆ ತಂದಳು. ಮನೆಯಲ್ಲಿ ಕನ್ನಡಕ್ಕೆ ಜೊತೆಯಿಲ್ಲದ ಅವಳ ದನಿ ಕೊಂಚ ಅಳುಕಿತು.

ಮರುದಿನ ಬೆಟ್ಟದಾಚೆಯ ಕಡಿದಾದ ದಾರಿ ಇಳಿದು ಕಡಲಂಚಿನ ನಾಂಟ್ ಗುರ್ಥೇರ್ನ್‌ಗೆ ಹೋದೆವು. ಗ್ರಾನೈಟ್ ಗಣಿ ನಿಂತ ಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೋಗಿ, 1950ರ ದಶಕ ಮುಗಿಯುವಷ್ಟರಲ್ಲಿ ಖಾಲಿಯಾದ ಊರದು. 1978ರಲ್ಲಿ ಒಂದು ಟ್ರಸ್ಟ್ ಅದನ್ನು ಕೊಂಡಿತು. ಪಾಳುಬಿದ್ದಿದ್ದ ಆ ಸಾಲುಮನೆಗಳಲ್ಲಿ ಈಗ ವೆಲ್ಷ್ ಕಲಿಸುತ್ತಾರೆ. ಊರೊಂದು ಖಾಲಿಯಾದರೆ ಹೇಗಿರುತ್ತದೆ ಎಂದು ಲಿಥ್‌ವೈನ್‌ನವರು ಇಷ್ಟು ಹತ್ತಿರದಿಂದ ಕಂಡವರು. ತಮ್ಮ ಪಬ್ಬನ್ನು ಕೈಬಿಡದೆ ಹಿಡಿದದ್ದಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನನಗನಿಸಿತು.

ಹಿಂದಿನ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಎಲ್ಲರೂ ಎದ್ದರು. ‘ನೋಸ್ ದಾ, ನೋಸ್ ದಾ.’ ವೆಲ್ಷ್‌ನಲ್ಲಿ ಶುಭರಾತ್ರಿ. ಬಾರಿನ ಹುಡುಗಿ ಟಾರ್ಚ್ ತೆಗೆದುಕೊಂಡು ಅಜ್ಜನ ತೋಳು ಹಿಡಿದಳು. ಮಳೆಗೆ ಒದ್ದೆಯಾದ ದಾರಿಯಲ್ಲಿ ಇಬ್ಬರೂ ಮಾತಾಡುತ್ತಲೇ ಮೇಲೆ ಹತ್ತಿದರು.