7ನೇ ಕ್ಲಾಸಿನ ಬಿ ಗ್ರೇಡು ಕಾಲೇಜಿನ ತನಕ ಬರುತ್ತಾ?

ಭಾನುವಾರ ಕನ್ನಡ ತರಗತಿ ಬಿಡುವ ಹೊತ್ತಿಗೆ ನಾವು ಕೆಲವರು ತಾಯಂದಿರು ಕಾರುಗಳ ಹತ್ತಿರ ನಿಂತು ಮಾತಾಡುತ್ತೇವೆ. ಸ್ವಲ್ಪ ಹೊತ್ತಿಗೆ ಯಾರಾದರೂ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆಯುತ್ತಾರೆ. "ಅಕ್ಕಾ, ಮಗನಿಗೆ ಏಳನೇ ಕ್ಲಾಸಿನ ಮ್ಯಾಥ್ಸ್‌ನಲ್ಲಿ ಬಿ ಬಂದಿದೆ. ಇದು ಕಾಲೇಜಿಗೆ ಲೆಕ್ಕಕ್ಕೆ ಬರುತ್ತಾ?" ಕೇಳುವವರ ಮುಖ ನೋಡಿದರೆ ಸಂಕಟವಾಗುತ್ತದೆ. ಹನ್ನೆರಡು ವರ್ಷದ ಹುಡುಗ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾನೆ.

ನನ್ನ ಇಬ್ಬರು ಮಕ್ಕಳೂ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ಓದಿ ಕಾಲೇಜು ಸೇರಿದ್ದಾರೆ. ಅದಕ್ಕೇ ನನ್ನನ್ನು ಕೇಳುತ್ತಾರೆ. ನಿಂತಲ್ಲೇ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ, ಉಳಿದರ್ಧ ತಪ್ಪಾಗಿ ಅರ್ಥವಾಗುತ್ತದೆ. ಹಾಗಾಗಿ ಒಂದು ಸಲ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನೇರ ಉತ್ತರ. ನೀವು ಕ್ಯಾಲಿಫೋರ್ನಿಯಾದಲ್ಲಿದ್ದು, ಮಗು ಬರ್ಕ್ಲಿ, ಡೇವಿಸ್, ಸ್ಯಾನ್ ಡಿಯಾಗೋ ತರಹದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳಿಗೆ ಅರ್ಜಿ ಹಾಕುತ್ತದೆ ಅಂದುಕೊಂಡರೆ, 6, 7, 8ನೇ ಕ್ಲಾಸಿನ ಗ್ರೇಡುಗಳು ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಸೇರುವುದಿಲ್ಲ. ಒಂದೂ ಸೇರುವುದಿಲ್ಲ. ಅಷ್ಟೇ ಅಲ್ಲ, ಒಂಬತ್ತನೇ ಕ್ಲಾಸಿನ ಗ್ರೇಡೂ ಯುಸಿ ಜಿಪಿಎಗೆ ಸೇರುವುದಿಲ್ಲ. ಇದನ್ನು ಹೇಳಿದಾಗ ಜಾಸ್ತಿ ಜನ ನಂಬುವುದೇ ಇಲ್ಲ. ಯುಸಿ ಲೆಕ್ಕ ಶುರುವಾಗುವುದು ಒಂಬತ್ತನೇ ಕ್ಲಾಸು ಮುಗಿದ ಮೇಲಿನ ಬೇಸಿಗೆಯಿಂದ. ಮುಗಿಯುವುದು ಹನ್ನೊಂದನೇ ಕ್ಲಾಸು ಮುಗಿದ ಮೇಲಿನ ಬೇಸಿಗೆಗೆ. ಅಂದರೆ ಹತ್ತು ಮತ್ತು ಹನ್ನೊಂದು, ಎರಡೇ ವರ್ಷ. ಹಾಗಂತ ಒಂಬತ್ತನೇ ಕ್ಲಾಸನ್ನು ಕಡೆಗಣಿಸಬೇಡಿ. ಆ ಗ್ರೇಡುಗಳನ್ನು ಅರ್ಜಿಯಲ್ಲಿ ಬರೆಯಲೇಬೇಕು, ಓದುವವರು ನೋಡುತ್ತಾರೆ. ಜಿಪಿಎಯ ಅಂಕಿಯಲ್ಲಿ ಮಾತ್ರ ಅವು ಇರುವುದಿಲ್ಲ.

ಲೆಕ್ಕ ಹೇಗೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಒಂದು ಮಗು ಹತ್ತರಲ್ಲೂ ಹನ್ನೊಂದರಲ್ಲೂ ಆರಾರು ವಿಷಯ ತೆಗೆದುಕೊಂಡಿದೆ ಅನ್ನಿ, ಎಲ್ಲವೂ ಯುಸಿ ಒಪ್ಪಿದ 'ಎ-ಜಿ' ಪಟ್ಟಿಯ ವಿಷಯಗಳು. ವರ್ಷಕ್ಕೆ ಎರಡು ಸೆಮಿಸ್ಟರ್, ಒಟ್ಟು 24 ಗ್ರೇಡು. ಎಗೆ 4, ಬಿಗೆ 3, ಸಿಗೆ 2. ಪ್ಲಸ್ಸು ಮೈನಸ್ಸು ನೋಡುವುದಿಲ್ಲ. ಎ ಮೈನಸ್ ಕೂಡ ಎ, ಬಿ ಪ್ಲಸ್ ಕೂಡ ಬಿ. 16 ಎ, 8 ಬಿ ಬಂದರೆ 88 ಅಂಕ. 24ರಿಂದ ಭಾಗಿಸಿದರೆ 3.67. ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಮತ್ತು ಯುಸಿ ಒಪ್ಪಿದ ಆನರ್ಸ್ ಕೋರ್ಸುಗಳಿಗೆ ಸೆಮಿಸ್ಟರಿಗೆ ಒಂದೊಂದು ಅಂಕ ಜಾಸ್ತಿ ಸಿಗುತ್ತದೆ. ಆದರೆ ಹೆಚ್ಚೆಂದರೆ 8 ಸೆಮಿಸ್ಟರಿಗೆ, ಅದರಲ್ಲೂ ಹತ್ತನೇ ಕ್ಲಾಸಿನದು ನಾಲ್ಕಕ್ಕಿಂತ ಜಾಸ್ತಿ ಇರಬಾರದು. ಆ ಎಂಟೂ ಸಿಕ್ಕರೆ ನಮ್ಮ ಉದಾಹರಣೆಯ ಮಗುವಿನ ಜಿಪಿಎ 4.0 ಆಗುತ್ತದೆ. ಕ್ಯಾಲಿಫೋರ್ನಿಯಾದ ಮಕ್ಕಳು ಅರ್ಜಿ ಹಾಕಲು ಕನಿಷ್ಠ 3.0 ಬೇಕು, ಹೊರಗಿನವರಿಗೆ 3.4. ಕನಿಷ್ಠ ಅಂದರೆ ಬಾಗಿಲ ತನಕ ಬರಲು ಮಾತ್ರ. ಒಳಗೆ ಸೀಟು ಸಿಗುವ ಮಾತು ಬೇರೆ.

ಈ ಲೆಕ್ಕದಲ್ಲಿ ಏಳನೇ ಕ್ಲಾಸಿನ ಬಿ ಎಲ್ಲಿಯೂ ಇಲ್ಲ. ಅದನ್ನು ತಂದವನಿಗೆ ಇವತ್ತೇ ಹೇಳಿ, ರಾತ್ರಿ ನೆಮ್ಮದಿಯಾಗಿ ಮಲಗಲಿ.

ಆದರೆ ಗ್ರೇಡು ಬೇರೆ, ಕೋರ್ಸು ಬೇರೆ. ಗೊಂದಲ ಆಗುವುದೆಲ್ಲ ಇಲ್ಲಿಯೇ. ಯುಸಿಗೆ ಒಟ್ಟು 15 ವರ್ಷಪೂರ್ತಿ ಕೋರ್ಸು ಬೇಕು. ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರು, ವಿಜ್ಞಾನ ಎರಡು, ಚರಿತ್ರೆ ಎರಡು, ಇಂಗ್ಲಿಷಲ್ಲದ ಭಾಷೆ ಎರಡು, ಕಲೆ ಒಂದು, ಐಚ್ಛಿಕ ಒಂದು. ಇವುಗಳಲ್ಲಿ ಗಣಿತ ಮತ್ತು ಭಾಷೆ ಎರಡಕ್ಕೆ ಮಾತ್ರ ಒಂದು ಸೌಲಭ್ಯ ಇದೆ. ಏಳು ಎಂಟನೇ ಕ್ಲಾಸಿನಲ್ಲಿ ಹೈಸ್ಕೂಲು (ಇಲ್ಲಿ 9ರಿಂದ 12ನೇ ಕ್ಲಾಸು) ಮಟ್ಟದ ಆಲ್ಜಿಬ್ರಾ 1, ಜಾಮೆಟ್ರಿ ಅಥವಾ ಸ್ಪ್ಯಾನಿಷ್‌ನಂಥ ಭಾಷೆ ಓದಿ, ಸಿ ಅಥವಾ ಅದಕ್ಕಿಂತ ಒಳ್ಳೆಯ ಗ್ರೇಡು ಬಂದಿದ್ದರೆ, ಆ ಕೋರ್ಸನ್ನು ಬೇಕಾದ ವರ್ಷಗಳಲ್ಲಿ ಒಂದಾಗಿ ಎಣಿಸುತ್ತಾರೆ. ಅರ್ಜಿಯಲ್ಲೂ ಏಳು ಎಂಟನೇ ಕ್ಲಾಸಿನ ಗಣಿತ, ಭಾಷೆ ಬರೆಯಲು ಜಾಗ ಇದೆ. ಅದನ್ನು ನೋಡಿಯೇ ಎಷ್ಟೋ ಮನೆಗಳಲ್ಲಿ ಗಾಬರಿ ಶುರುವಾಗುತ್ತದೆ. ಅವರು ನೋಡುವುದು ಕೋರ್ಸು ಆಗಿದೆಯಾ ಅಂತ. ಜಿಪಿಎ ಕಟ್ಟಲು ಅಲ್ಲ.

ಎಂಟನೇ ಕ್ಲಾಸಿನ ಆಲ್ಜಿಬ್ರಾದಲ್ಲಿ ಡಿ ಬಂದರೂ ದಾರಿ ಮುಚ್ಚುವುದಿಲ್ಲ. ಮುಂದೆ ಆಲ್ಜಿಬ್ರಾ 2ರಲ್ಲಿ ಸಿ ಅಥವಾ ಮೇಲೆ ಬಂದರೆ ಆಲ್ಜಿಬ್ರಾ 1 ಮುಗಿದಂತೆಯೇ. ಮೇಲಿನ ಮೆಟ್ಟಿಲು ಹತ್ತಿದ ಮಗುವಿಗೆ ಕೆಳಗಿನ ಮೆಟ್ಟಿಲಿನ ಲೆಕ್ಕ ಕೇಳುವುದಿಲ್ಲ. ಭಾಷೆಗೂ ಹೀಗೆಯೇ. ಒಂಬತ್ತರಲ್ಲಿ ನೇರವಾಗಿ ಸ್ಪ್ಯಾನಿಷ್ 2ಕ್ಕೆ ಕೂತು ಸಿ ಅಥವಾ ಮೇಲೆ ಬಂದರೆ ಎರಡು ವರ್ಷದ್ದೂ ಆಯಿತು. ಒಂದು ಎಚ್ಚರ ಮಾತ್ರ ಇರಲಿ. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಡಿಪ್ಲೊಮಾ ಸಿಗಬೇಕಾದರೆ ಒಂಬತ್ತರಿಂದ ಹನ್ನೆರಡರ ಒಳಗೆ ಎರಡು ಗಣಿತ ಕೋರ್ಸು ಮಾಡಲೇಬೇಕು, ಎಂಟರಲ್ಲೇ ಆಲ್ಜಿಬ್ರಾ ಮುಗಿಸಿದ್ದರೂ ಕೂಡ.

ಇಷ್ಟು ಹೇಳಿದ ಮೇಲೆ ಕೆಲವರು ಮತ್ತೆ ಕೇಳುತ್ತಾರೆ. "ಹಾಗಾದರೆ ಏಳನೇ ಕ್ಲಾಸಲ್ಲೇ ಆಲ್ಜಿಬ್ರಾ ಮುಗಿಸಿಬಿಡೋಣ ಅಲ್ವಾ ಅಕ್ಕಾ? ಗ್ರೇಡು ಹೇಗೂ ಲೆಕ್ಕಕ್ಕಿಲ್ಲ." ಈ ಮಾತು ಕೇಳಿದಾಗ ನಾನು ನನ್ನ ಮಗಳ ಕಥೆ ಹೇಳುತ್ತೇನೆ. ಹೇಳಲು ಇಷ್ಟವಿಲ್ಲದಿದ್ದರೂ ಹೇಳುತ್ತೇನೆ.

ನಾನೂ ಹಾಗೆಯೇ ಯೋಚಿಸಿದ್ದೆ. ಮಗಳು ಆರನೇ ಕ್ಲಾಸಿನ ಕೊನೆಯಲ್ಲಿ ಒಂದು ಪರೀಕ್ಷೆ ಬರೆದು, ಒಂದು ವರ್ಷದ ಗಣಿತ ಬಿಟ್ಟು, ಏಳರಲ್ಲೇ ಆಲ್ಜಿಬ್ರಾ 1ಕ್ಕೆ ಕೂತಳು. ಅದಕ್ಕೆ ಬೇಸಿಗೆ ರಜೆಯೆಲ್ಲ ಟ್ಯೂಷನ್. ಗ್ರೇಡು ಬಿ ಬಂತು. ಲೆಕ್ಕಕ್ಕಿಲ್ಲ ಅಂತ ನಾನೇ ಸಮಾಧಾನ ಮಾಡಿದೆ. ಎಂಟರಲ್ಲಿ ಜಾಮೆಟ್ರಿ ಚೆನ್ನಾಗಿಯೇ ಹೋಯಿತು, ಅವಳಿಗೆ ಚಿತ್ರ ಬರೆಯುವುದು ಇಷ್ಟ. ಒಂಬತ್ತರಲ್ಲಿ ಆಲ್ಜಿಬ್ರಾ 2 ಬಂದಾಗ ತೊಡಕು ಕಾಣಿಸಿತು. ಭಿನ್ನರಾಶಿ ಇರುವ ಸಮೀಕರಣ ಎದುರಾದರೆ ಪೆನ್ಸಿಲ್ ನಿಲ್ಲುತ್ತಿತ್ತು. ಬಿಟ್ಟು ಹಾರಿದ ಆ ಒಂದು ವರ್ಷದಲ್ಲಿ ಅನುಪಾತ, ಭಿನ್ನರಾಶಿ, ಋಣ ಸಂಖ್ಯೆ ಎಲ್ಲವೂ ಇತ್ತು. ಅವನ್ನು ಟ್ಯೂಷನ್ನಿನಲ್ಲಿ ಬಾಯಿಪಾಠ ಮಾಡಿದ್ದಳು, ಕೈಗೆ ಹತ್ತಿರಲಿಲ್ಲ. ಹತ್ತರಲ್ಲಿ ಪ್ರಿಕ್ಯಾಲ್ಕುಲಸ್. ಎರಡೂ ಸೆಮಿಸ್ಟರು ಸಿ.

ಹತ್ತನೇ ಕ್ಲಾಸು ಲೆಕ್ಕಕ್ಕಿದೆ. ಎರಡು ಎ ಇರಬೇಕಾದ ಕಡೆ ಎರಡು ಸಿ ಅಂದರೆ 4 ಅಂಕ ಹೋಯಿತು. 24ರಿಂದ ಭಾಗಿಸಿದರೆ ಜಿಪಿಎಯಲ್ಲಿ ಸುಮಾರು 0.17. ಅಂಕಿಗಿಂತ ನನಗೆ ನೋವಾಗಿದ್ದು ಬೇರೆ ವಿಷಯಕ್ಕೆ. ಆರನೇ ಕ್ಲಾಸಿನ ತನಕ "ಗಣಿತ ನನ್ನ ವಿಷಯ" ಅನ್ನುತ್ತಿದ್ದ ಹುಡುಗಿ, ಹನ್ನೊಂದರಲ್ಲಿ "ಗಣಿತ ಇಲ್ಲದ ಓದು ಯಾವುದಿದೆ?" ಅಂತ ಹುಡುಕುತ್ತಿದ್ದಳು. ಅವಳು ಈಗ ಇಷ್ಟಪಟ್ಟ ಓದನ್ನೇ ಓದುತ್ತಿದ್ದಾಳೆ, ಚೆನ್ನಾಗಿದ್ದಾಳೆ. ಆದರೂ ಆ ಬಾಗಿಲನ್ನು ಅವಳಾಗಿಯೇ ಮುಚ್ಚಿಕೊಂಡಳಾ, ನಾನು ಮುಚ್ಚಿದೆನಾ ಅಂತ ಈಗಲೂ ಯೋಚಿಸುತ್ತೇನೆ.

ಮಗನ ವಿಷಯದಲ್ಲಿ ಅವಸರ ಮಾಡಲಿಲ್ಲ. ಎಂಟರಲ್ಲಿ ಆಲ್ಜಿಬ್ರಾ 1, ಒಂಬತ್ತರಲ್ಲಿ ಜಾಮೆಟ್ರಿ, ಹತ್ತರಲ್ಲಿ ಆಲ್ಜಿಬ್ರಾ 2, ಹನ್ನೊಂದರಲ್ಲಿ ಪ್ರಿಕ್ಯಾಲ್ಕುಲಸ್, ಹನ್ನೆರಡರಲ್ಲಿ ಎಪಿ ಕ್ಯಾಲ್ಕುಲಸ್. ಲೆಕ್ಕಕ್ಕೆ ಬರುವ ಎರಡು ವರ್ಷಗಳಲ್ಲಿ ಅವನ ಕಾಲಿನ ಕೆಳಗೆ ನೆಲ ಗಟ್ಟಿಯಾಗಿತ್ತು. ಆಲ್ಜಿಬ್ರಾ 1 ಒಂಬತ್ತರಲ್ಲಿ ಶುರು ಮಾಡಿದ ಅವನ ಗೆಳೆಯರೂ ಒಳ್ಳೆಯ ಕಾಲೇಜುಗಳಿಗೆ ಹೋದರು. ಗಣಿತವನ್ನು ನಿಜವಾಗಿಯೂ ಪ್ರೀತಿಸುವ, ಏಳರಲ್ಲೇ ಆಲ್ಜಿಬ್ರಾ ಸುಲಭವಾಗಿ ಮಾಡುವ ಮಕ್ಕಳು ಇದ್ದಾರೆ. ಅವರನ್ನು ತಡೆಯಬಾರದು. ಸ್ಯಾನ್ ಫ್ರಾನ್ಸಿಸ್ಕೋದ ಸ್ಕೂಲ್ ಡಿಸ್ಟ್ರಿಕ್ಟ್ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) 2014ರಲ್ಲಿ ಎಂಟನೇ ಕ್ಲಾಸಿನ ಆಲ್ಜಿಬ್ರಾವನ್ನೇ ತೆಗೆದುಹಾಕಿತ್ತು. 2024ರ ಮಾರ್ಚಿನಲ್ಲಿ ಊರಿನ ಮತದಾರರು ಅದನ್ನು ವಾಪಸ್ ತನ್ನಿ ಅಂತ ದೊಡ್ಡ ಬಹುಮತದಿಂದ ಹೇಳಿದರು. ಎಲ್ಲರನ್ನೂ ತಡೆಯುವುದೂ ಸರಿಯಲ್ಲ, ಎಲ್ಲರನ್ನೂ ಓಡಿಸುವುದೂ ಸರಿಯಲ್ಲ. ನಿಮ್ಮ ಮಗು ಭಿನ್ನರಾಶಿಯ ಲೆಕ್ಕವನ್ನು ಯಾಕೆ ಹಾಗೆ ಮಾಡಿದೆ ಅಂತ ತನ್ನ ಮಾತಲ್ಲಿ ಹೇಳುತ್ತದಾ ನೋಡಿ. ಹೇಳಿದರೆ ಮುಂದೆ ಹೋಗಲಿ.

ಇದೆಲ್ಲ ಕ್ಯಾಲಿಫೋರ್ನಿಯಾದ, ಅದರಲ್ಲೂ ಯುಸಿಯ ಮಾತು. ನಮ್ಮವರು ಕೆಲಸಕ್ಕಾಗಿ ಊರು ಬದಲಿಸುತ್ತಲೇ ಇರುತ್ತಾರೆ. ರಾಜ್ಯ ಬದಲಾದರೆ ಉತ್ತರವೂ ಬದಲಾಗುತ್ತದೆ.

ಟೆಕ್ಸಾಸ್‌ನಲ್ಲಿ ಕ್ಲಾಸ್ ರ‍್ಯಾಂಕಿಗೆ ಬಹಳ ಬೆಲೆ. ಅಲ್ಲಿ 1997ರ ಕಾನೂನಿನ ಪ್ರಕಾರ ಹೈಸ್ಕೂಲಿನಲ್ಲಿ ಮೇಲಿನ ಶೇ. 10ರೊಳಗೆ ಇರುವವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ಸಿಗುತ್ತದೆ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಮಾತ್ರ ಇದು ಇನ್ನೂ ಬಿಗಿ. 2026ರಲ್ಲಿ ಸೇರುವವರಿಗೆ ಮೇಲಿನ ಶೇ. 5ರೊಳಗೆ ಇರಬೇಕು. ಎಂಟರಲ್ಲಿ ಓದಿದ ಹೈಸ್ಕೂಲು ಕ್ರೆಡಿಟ್ಟಿನ ಆಲ್ಜಿಬ್ರಾ ಆ ರ‍್ಯಾಂಕಿಗೆ ಸೇರುತ್ತದಾ ಇಲ್ಲವಾ ಅನ್ನುವುದನ್ನು ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್ ತೀರ್ಮಾನಿಸುತ್ತದೆ. ಪಕ್ಕದ ಡಿಸ್ಟ್ರಿಕ್ಟಿನ ನಿಯಮ ಬೇರೆ ಇರಬಹುದು. ಹಾಗಾಗಿ ಅಲ್ಲಿ ಎಂಟನೇ ಕ್ಲಾಸಿನ ಗ್ರೇಡು ನಿಜವಾಗಿಯೂ ಕಾಲೇಜಿನ ತನಕ ಬರಬಹುದು.

ಫ್ಲಾರಿಡಾದಲ್ಲಿ ಮಿಡಲ್ ಸ್ಕೂಲಿನಲ್ಲೇ (6ರಿಂದ 8ನೇ ಕ್ಲಾಸು) ಹೈಸ್ಕೂಲು ಕೋರ್ಸು ತೆಗೆದುಕೊಂಡ ಮಗುವಿಗೆ ಸಿ, ಡಿ ಅಥವಾ ಎಫ್ ಬಂದರೆ ಮತ್ತೊಮ್ಮೆ ಓದಿ ಆ ಗ್ರೇಡನ್ನು ಬದಲಿಸಿಕೊಳ್ಳಲು ಅವಕಾಶ ಇದೆ. ಹೈಸ್ಕೂಲಿನವರಿಗೆ ಡಿ, ಎಫ್‌ಗೆ ಮಾತ್ರ ಈ ಅವಕಾಶ, ಸಿಗೆ ಇಲ್ಲ. ಚಿಕ್ಕವರಿಗೆ ಸ್ವಲ್ಪ ಜಾಸ್ತಿ ರಿಯಾಯಿತಿ ಕೊಟ್ಟಿದ್ದಾರೆ, ನನಗದು ತುಂಬ ಸರಿ ಅನಿಸುತ್ತದೆ.

ವರ್ಜೀನಿಯಾದಲ್ಲಿ ಇನ್ನೊಂದು ದಾರಿ. ಮಿಡಲ್ ಸ್ಕೂಲಿನಲ್ಲಿ ಓದಿದ ಹೈಸ್ಕೂಲು ಕೋರ್ಸಿನ ಗ್ರೇಡನ್ನು ಅಧಿಕೃತ ಅಂಕಪಟ್ಟಿಯಾದ ಟ್ರಾನ್ಸ್‌ಕ್ರಿಪ್ಟ್‌ನಿಂದ ತೆಗೆಯಿರಿ ಅಂತ ತಂದೆ ತಾಯಿ ಕೇಳಬಹುದು. ತೆಗೆದರೆ ಆ ಕ್ರೆಡಿಟ್ಟೂ ಹೋಗುತ್ತದೆ. ಇದಕ್ಕೆ ಕೊನೆಯ ದಿನಾಂಕ ಇರುತ್ತದೆ. ಗ್ರೇಡು ಬಂದ ಕೂಡಲೇ ಶಾಲೆಗೆ ಫೋನ್ ಮಾಡಿ, ಮುಂದಕ್ಕೆ ಹಾಕಬೇಡಿ.

ಖಾಸಗಿ ಕಾಲೇಜುಗಳು ಒಂದೊಂದೂ ಒಂದೊಂದು ರೀತಿ. ಅವರ ಕೈಗೆ ಹೋಗುವುದು ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟ್. ನಿಮ್ಮ ಶಾಲೆ ಅದರಲ್ಲಿ ಎಂಟನೇ ಕ್ಲಾಸಿನ ಆಲ್ಜಿಬ್ರಾ ಅಚ್ಚು ಹಾಕಿದ್ದರೆ ಅವರಿಗೆ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಎಲ್ಲೇ ಇರಿ, ಕೌನ್ಸೆಲರ್ ಹತ್ತಿರ ಎರಡು ಪ್ರಶ್ನೆ ಕೇಳಿ: ಈ ಕೋರ್ಸು ಹೈಸ್ಕೂಲು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಬರುತ್ತದಾ? ಬಂದರೆ ಶಾಲೆಯ ಜಿಪಿಎಗೆ ಸೇರುತ್ತದಾ? ಉತ್ತರವನ್ನು ಇಮೇಲಿನಲ್ಲಿ ಪಡೆಯಿರಿ.

ಊರಿಂದ ಹೊಸದಾಗಿ ಬಂದವರ ಭಯ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇದ್ದ ಕಾಲದಲ್ಲಿ ಓದಿದವಳು ನಾನು. ಫಲಿತಾಂಶದ ದಿನ ಅಪ್ಪ ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋಗಿದ್ದರು. ಆಮೇಲೆ 625ಕ್ಕೆ ಎಷ್ಟು ಅನ್ನುವ ಎಸ್ಎಸ್ಎಲ್‌ಸಿ, ಆಮೇಲೆ ಪಿಯುಸಿ. ಒಂದೊಂದು ಅಂಕಪಟ್ಟಿಯೂ ಜೀವನ ತೀರ್ಮಾನಿಸುತ್ತದೆ ಅಂತ ನಂಬಿದ್ದೆವು. ಆದರೆ ನಮ್ಮ ಸಿಇಟಿಯಲ್ಲೂ ಎಂಜಿನಿಯರಿಂಗ್ ರ‍್ಯಾಂಕಿಗೆ ಹಿಡಿಯುವುದು ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಏಳನೇ ಕ್ಲಾಸಿನ ಅಂಕಪಟ್ಟಿಯನ್ನು ಸೀಟು ಕೊಡುವವರು ಯಾರೂ ಕೇಳಲಿಲ್ಲ, ಅಲ್ವಾ?

ಓದಿನ ಮಧ್ಯದಲ್ಲಿ ಕರ್ನಾಟಕದಿಂದ ಇಲ್ಲಿಗೆ ಬಂದ ಮಕ್ಕಳಿಗೆ ಇನ್ನೊಂದು ವಿಷಯ ಹೇಳಲೇಬೇಕು. ಆರನೇ ಕ್ಲಾಸು ಅಥವಾ ಅದಕ್ಕಿಂತ ಮೇಲೆ ಎರಡು ವರ್ಷ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿ ಪಾಸಾಗಿದ್ದರೆ, ಯುಸಿಯ ಎರಡು ವರ್ಷದ ಭಾಷೆಯ ಬೇಡಿಕೆ ಅದರಿಂದಲೇ ತೀರಬಹುದು. ಆ ಶಾಲೆಯ ದಾಖಲೆ ಬೇಕು. ವರ್ಗಾವಣೆ ಪತ್ರ, ಅಂಕಪಟ್ಟಿ ಯಾವುದನ್ನೂ ಊರಲ್ಲಿ ಬಿಟ್ಟು ಬರಬೇಡಿ. ಇಂಗ್ಲಿಷ್ ಮಾಧ್ಯಮದಲ್ಲಿ ಕನ್ನಡವನ್ನು ಒಂದು ವಿಷಯವಾಗಿ ಓದಿದವರಿಗೆ ಈ ನಿಯಮ ಹೊಂದುವುದಿಲ್ಲ. ಆದರೆ ಬೇರೆ ದಾರಿ ಇಲ್ಲದಾಗ ಹೈಸ್ಕೂಲು ತಾನೇ ಮಗುವಿನ ಭಾಷೆಯನ್ನು ಪರೀಕ್ಷಿಸಿ ದೃಢಪಡಿಸಲು ಅವಕಾಶ ಇದೆ. ಎರಡು ಭಾಷೆ ಬಲ್ಲ ಮಕ್ಕಳ ಡಿಪ್ಲೊಮಾಗೆ ಮುದ್ರೆ ಹಾಕುವ ಕಾನೂನನ್ನು ದೇಶದಲ್ಲೇ ಮೊದಲು ತಂದದ್ದು ಕ್ಯಾಲಿಫೋರ್ನಿಯಾ, 2011ರಲ್ಲಿ. ಕನ್ನಡಕ್ಕೆ ಆ ಮುದ್ರೆ ಹೇಗೆ ಸಿಗುತ್ತದೆ ಅಂತ ಒಂಬತ್ತನೇ ಕ್ಲಾಸಿನಲ್ಲೇ ಶಾಲೆಯಲ್ಲಿ ವಿಚಾರಿಸಿ. ಹನ್ನೆರಡಕ್ಕೆ ಬಂದ ಮೇಲೆ ಕೇಳಿದರೆ ಸಮಯ ಇರುವುದಿಲ್ಲ.

ಕಳೆದ ಭಾನುವಾರವೂ ಒಬ್ಬರು ಇದೇ ಪ್ರಶ್ನೆ ಕೇಳಿದರು. ಮಗ ಪಕ್ಕದಲ್ಲೇ ಇದ್ದ. ನಾನು ಅವನನ್ನೇ ಕೇಳಿದೆ, "ಯಾವ ಲೆಕ್ಕ ತಪ್ಪಾಯಿತು ಪುಟ್ಟಾ?" ಅವನು ಬ್ಯಾಗಿನಿಂದ ಹಾಳೆ ತೆಗೆದ. ಮೈನಸ್ ಚಿಹ್ನೆಯನ್ನು ಆವರಣದ ಒಳಗೆ ಎಲ್ಲದಕ್ಕೂ ಹಂಚುವುದನ್ನು ಮೂರು ಕಡೆ ಮರೆತಿದ್ದ. ಕಾರಿನ ಬಾನೆಟ್ ಮೇಲೆ ಹಾಳೆ ಇಟ್ಟು ಮೂರನ್ನೂ ಮತ್ತೆ ಮಾಡಿದೆವು.